ತೆರೆಯ ಮೇಲೆ ತುರುಗೋಳು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆರೆಯ ಏರಿಯ ಮೇಲೆ, ಊರ ಅಗಸಿಯ ಬಳಿ, ಹಳೆಯ ಗುಡಿಯ ಅಂಗಳದಲ್ಲಿ, ಕೆಲವೆಡೆ ಹೊಲದ ಬದುವಿನ ಮೇಲೆ ಅವು ನಿಂತಿವೆ, ಇಲ್ಲವೇ ಒರಗಿವೆ. ಅಕ್ಷರ ಬಾರದವರೂ ಅವನ್ನು ಓದಬಲ್ಲರು. ಆದರೆ ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅನೇಕ ಕಲ್ಲುಗಳಲ್ಲಿ ಬಿಲ್ಲು ಹಿಡಿದವನೊಬ್ಬ, ಅವನ ಹಿಂದೆಯೋ ಮುಂದೆಯೋ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕೈಹಿಡಿದು ಒಯ್ಯುತ್ತಾರೆ. ಮೇಲೆ ಕೈಲಾಸ, ಲಿಂಗ, ಪೂಜೆ. ದನಗಳಿರುವ ಕಲ್ಲು ಎಂದರೆ ಬಹುಮಟ್ಟಿಗೆ ಅದು ತುರುಗೋಳಿನ ಕಲ್ಲು. ನೆರೆಯವರು ದನ ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ, ದನ ಬಿಡಿಸಿ, ಜೀವ ಬಿಟ್ಟವನ ನೆನಪು.

ಈ ಕಥೆಯನ್ನು ಅಮೆರಿಕದ ಪಶ್ಚಿಮದ ಬಯಲಿಗೆ ಒಯ್ದು ನೋಡಿ. ಬಿಲ್ಲಿನ ಬದಲು ಪಿಸ್ತೂಲು, ಮುಂಡಾಸಿನ ಬದಲು ಅಗಲ ಅಂಚಿನ ಟೋಪಿ. ಉಳಿದದ್ದು ಹೆಚ್ಚು ಬದಲಾಗುವುದಿಲ್ಲ. ದನ ಕದಿಯುವವರು, ದನ ಕಾಯುವವರು, ಕಾನೂನು ಇನ್ನೂ ಕಾಲಿಡದ ಗಡಿನಾಡು, ಹಣಕ್ಕೆ ತೋಳು ಮಾರುವ ಒಬ್ಬ ಅಪರಿಚಿತ. 'ಕೌಬಾಯ್' ಎಂಬ ಮಾತಿನ ನೇರ ಅರ್ಥವೇ ದನಗಾಹಿ. ಇಂಥ ಕಥೆಯುಳ್ಳ ಚಿತ್ರಗಳಿಗೆ ಅಲ್ಲಿ 'ವೆಸ್ಟರ್ನ್' ಎಂದು ಹೆಸರು. ನಮ್ಮ ಕಡೆಯ ಪ್ರೇಕ್ಷಕರಿಗೆ ಅವು ಕೌಬಾಯ್ ಪಿಕ್ಚರ್. ಹೀಗಾಗಿ ಒಂದು ಕುತೂಹಲದ ಪ್ರಶ್ನೆ ಏಳುತ್ತದೆ. ತುರುಗೋಳಿನ ನಾಡಿನ ಜನ ಕೌಬಾಯ್ ಚಿತ್ರವನ್ನು ಹೇಗೆ ನೋಡಿದರು? ಅದೂ ದೊಡ್ಡ ತಾರೆಯರಿಲ್ಲದ, ಹೆಚ್ಚು ಹಣವಿಲ್ಲದ, ಕನ್ನಡದಲ್ಲೇ ತಯಾರಾದ ಅಂಥದೊಂದು ಚಿತ್ರ ಬಂದಾಗ ಅದರ ಬಗ್ಗೆ ಯಾರು ಏನೆಂದು ತೀರ್ಪು ಕೊಟ್ಟರು?

ಉತ್ತರಕ್ಕೆ ಮೊದಲು ಈ ಜಾತಿಯ ಚಿತ್ರಗಳ ಪ್ರಯಾಣವನ್ನು ಸ್ವಲ್ಪ ತಿಳಿಯಬೇಕು. 1903ರಲ್ಲಿ ಎಡ್ವಿನ್ ಪೋರ್ಟರ್ 'ದಿ ಗ್ರೇಟ್ ಟ್ರೇನ್ ರಾಬರಿ' ಎಂಬ ಮೂಕಿಚಿತ್ರ ತೆಗೆದ. ಓಡುವುದು ಹನ್ನೆರಡು ನಿಮಿಷದಷ್ಟು. ಅದರಲ್ಲಿ ಒಂದು ತುಣುಕು ಪ್ರಸಿದ್ಧ: ದರೋಡೆಕೋರರ ನಾಯಕ ನೇರವಾಗಿ ಪ್ರೇಕ್ಷಕರತ್ತ ಪಿಸ್ತೂಲು ತಿರುಗಿಸಿ ಗುಂಡು ಹಾರಿಸುತ್ತಾನೆ. ಈ ತುಣುಕನ್ನು ಚಿತ್ರದ ಮೊದಲಲ್ಲಿ ಹಾಕಬೇಕೋ ಕೊನೆಯಲ್ಲೋ ಎಂಬುದನ್ನು ಪ್ರದರ್ಶಕರ ಇಷ್ಟಕ್ಕೇ ಬಿಡಲಾಗಿತ್ತು. ತನ್ನ ಊರಿನ ಜನರ ರುಚಿ ಬಲ್ಲವನು ಟಾಕೀಸಿನವನೇ ಎಂಬ ಈ ನಂಬಿಕೆ ಚಿತ್ರೋದ್ಯಮದಲ್ಲಿ ಬಹುಕಾಲ ಉಳಿಯಿತು.

ಜಾನ್ ಫೋರ್ಡ್‌ನಂಥ ನಿರ್ದೇಶಕರ ಕೈಯಲ್ಲಿ ಬೆಳೆದ ಈ ಪ್ರಕಾರ ಅಮೆರಿಕದಿಂದ ಜಪಾನಿಗೆ ಹಾರಿತು. ಫೋರ್ಡ್‌ನನ್ನು ಬಹುವಾಗಿ ಮೆಚ್ಚಿದ್ದ ಅಕಿರಾ ಕುರೊಸಾವಾ ಕತ್ತಿ ಹಿಡಿದ ಸಮುರಾಯಿಗಳ ಕಥೆಗಳಲ್ಲಿ ಅದೇ ಉಸಿರನ್ನು ತುಂಬಿದ. 1954ರ ಅವನ 'ಸೆವೆನ್ ಸಮುರಾಯ್' ಅನ್ನು ಹಾಲಿವುಡ್ 1960ರಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಂಬ ಕೌಬಾಯ್ ಚಿತ್ರವಾಗಿ ಮರಳಿ ಪಡೆಯಿತು. 1961ರಲ್ಲಿ ಕುರೊಸಾವಾ 'ಯೋಜಿಂಬೋ' ತೆಗೆದ. ಒಂದು ಊರು, ಎರಡು ಬಣ, ಇಬ್ಬರ ಹಣವನ್ನೂ ತಿಂದು ಇಬ್ಬರನ್ನೂ ಕಾದಾಡಿಸುವ ಒಬ್ಬ ಬಾಡಿಗೆ ಬಂಟ. ಮೂರು ವರ್ಷಗಳ ಬಳಿಕ ಇಟಲಿಯ ಸೆರ್ಜಿಯೋ ಲಿಯೋನೆ ಇದೇ ಕಥೆಯನ್ನು ಸ್ಪೇನಿನ ಒಣಭೂಮಿಯಲ್ಲಿ ಚಿತ್ರಿಸಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿದ.

ಲಿಯೋನೆಯ ಚಿತ್ರ ಅಗ್ಗದ್ದು. ಒಟ್ಟು ಖರ್ಚು ಎರಡು ಲಕ್ಷ ಡಾಲರಿನ ಆಸುಪಾಸು. ಟೆಲಿವಿಷನ್ ಧಾರಾವಾಹಿಯಲ್ಲಿ ಮಾಡುತ್ತಿದ್ದ ಕ್ಲಿಂಟ್ ಈಸ್ಟ್‌ವುಡ್‌ಗೆ ಸಂದದ್ದು ಹದಿನೈದು ಸಾವಿರ ಡಾಲರ್. ಇಟಲಿಯವರು ತೆಗೆದ ಕೌಬಾಯ್ ಚಿತ್ರವನ್ನು ಇಟಲಿಯ ಜನರೇ ನಂಬುವುದಿಲ್ಲವೆಂಬ ಭಯಕ್ಕೆ ನಿರ್ದೇಶಕ 'ಬಾಬ್ ರಾಬರ್ಟ್‌ಸನ್' ಎಂಬ ಹುಸಿ ಹೆಸರು ಹಾಕಿಕೊಂಡ. ಸಂಗೀತಗಾರ ಎನ್ನಿಯೋ ಮೊರಿಕೋನೆ 'ಡಾನ್ ಸಾವಿಯೋ' ಆದ. 1964ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಸದ್ದಿಲ್ಲದೆ ತೆರೆಕಂಡ ಚಿತ್ರವನ್ನು ಬದುಕಿಸಿದ್ದು ವಿಮರ್ಶಕರಲ್ಲ, ನೋಡಿ ಹೊರಬಂದವರ ಬಾಯಿಮಾತು. ಕಥೆ ತಮ್ಮದೆಂದು ಜಪಾನಿನವರು ದಾವೆ ಹೂಡಿದರು. ಕೊನೆಗೆ ಗಳಿಕೆಯಲ್ಲಿ ಶೇಕಡಾ 15 ಪಾಲು ಮತ್ತು ಜಪಾನ್ ಮೊದಲಾದ ಪೂರ್ವದೇಶಗಳ ಹಂಚಿಕೆಯ ಹಕ್ಕು ಕೊಟ್ಟು ರಾಜಿಯಾಯಿತು. ಅಮೆರಿಕದ ಕಥೆ ಜಪಾನಿಗೆ, ಜಪಾನಿನದು ಇಟಲಿಗೆ, ಇಟಲಿಯದು ಮತ್ತೆ ಅಮೆರಿಕಕ್ಕೆ! ಇದರಲ್ಲಿ ಮೂಲ ಯಾವುದು, ನಕಲು ಯಾವುದು ಎಂದು ಹುಡುಕುವುದು ದನದ ಹೆಜ್ಜೆಯ ಮೇಲೆ ದನ ನಡೆದ ದಾರಿಯಲ್ಲಿ ಕಳುವಾದ ಎತ್ತನ್ನು ಹುಡುಕಿದಂತೆ.

ದಕ್ಷಿಣ ಭಾರತಕ್ಕೆ ಈ ಗಾಳಿ ಬೀಸಿದ್ದು 1971ರಲ್ಲಿ. ತೆಲುಗಿನ ನಟ ಕೃಷ್ಣ ನಾಯಕನಾಗಿದ್ದ 'ಮೋಸಗಾಳ್ಳಕು ಮೋಸಗಾಡು' ಭಾರತದ ಮೊದಲ ಕೌಬಾಯ್ ಚಿತ್ರವೆಂದು ಹೆಸರಾಗಿದೆ. ಲಿಯೋನೆಯ ಚಿತ್ರಗಳ ಛಾಯೆಯಿದ್ದ ಕಥೆಯನ್ನು ಬರೆದವರು ಕವಿ ಆರುದ್ರ. ಮರಳುಗಾಡಿನ ದೃಶ್ಯಗಳಿಗೆ ರಾಜಸ್ಥಾನದ ಬಿಕಾನೇರಿಗೆ ಹೋಗಿ ಬಂದರು. ಚಿತ್ರ ಇಂಗ್ಲಿಷಿಗೂ ಡಬ್ ಆಗಿ ಹೊರದೇಶಗಳನ್ನು ಕಂಡಿತು. ಕನ್ನಡಿಗರಿಗೆ ಇದರಲ್ಲಿ ಒಂದು ನಂಟಿದೆ. ಅದರ ನಿರ್ದೇಶಕ ಕೆ.ಎಸ್.ಆರ್. ದಾಸ್ ಮುಂದೆ ಕನ್ನಡದಲ್ಲಿ 'ಕಳ್ಳ ಕುಳ್ಳ' (1975), 'ಕಿಲಾಡಿ ಕಿಟ್ಟು' (1978), 'ಖೈದಿ' (1984) ಮೊದಲಾದ ಚಿತ್ರಗಳನ್ನು ಕೊಟ್ಟವರು. ಕೌಬಾಯ್ ಟೋಪಿ ಕನ್ನಡಕ್ಕೆ ಬರದಿದ್ದರೂ ಅದರ ಹೊಡೆದಾಟದ ವರಸೆ ಅವರೊಂದಿಗೆ ಬಂತೆನ್ನಬಹುದು.

ಇನ್ನು 'ಶೋಲೆ'. ಹಿಂದಿ ಚಿತ್ರವಾದರೂ ಅದರ ರಾಮಗಢ ಇದ್ದದ್ದು ಕನ್ನಡನಾಡಿನ ರಾಮನಗರದ ಬಂಡೆಗಳ ನಡುವೆ. 1973ರ ಅಕ್ಟೋಬರಿನಲ್ಲಿ ಅಲ್ಲಿ ಚಿತ್ರೀಕರಣ ಆರಂಭವಾಯಿತು. ಒಂದು ಇಡೀ ಹಳ್ಳಿಯನ್ನೇ ಅಲ್ಲಿ ಕಟ್ಟಿ ನಿಲ್ಲಿಸಿದ್ದರು. ಖರ್ಚು ಮೂರು ಕೋಟಿ. 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ಮೊದಲ ಎರಡು ವಾರ ವ್ಯಾಪಾರದವರು ಇದು ಮುಳುಗಿತೆಂದೇ ತೀರ್ಮಾನಿಸಿದ್ದರು. ಪ್ರೇಕ್ಷಕರು ಗಲಾಟೆಯಿಲ್ಲದೆ ಕೂತು ನೋಡುತ್ತಿದ್ದುದು ನಿರಾಸೆಯಂತೆ ಕಂಡಿತ್ತು. ಅದು ಮಂತ್ರಮುಗ್ಧ ಮೌನವೆಂದು ಗೊತ್ತಾಗಲು ಸಮಯ ಹಿಡಿಯಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ಓಡಿತು. ಸಂಭಾಷಣೆಯ ಧ್ವನಿಮುದ್ರಿಕೆಗಳೇ ಹಾಡಿನ ತಟ್ಟೆಗಳಂತೆ ಮಾರಾಟವಾದವು. ಅಂದಿನ ಸೆನ್ಸಾರಿನವರಿಗೆ ಅದರ ಕೊನೆ ಒಪ್ಪಿಗೆಯಾಗದೆ ಗಬ್ಬರನನ್ನು ಠಾಕೂರನೇ ಕೊಲ್ಲುವ ಮೂಲ ದೃಶ್ಯವನ್ನು ಬದಲಿಸಿ ಪೊಲೀಸರನ್ನು ತರಬೇಕಾಯಿತು. ಮೂಲ ಕೊನೆಯೊಂದಿಗೆ ದುರಸ್ತಿಗೊಂಡ ಪ್ರತಿಯನ್ನು ಇಟಲಿಯ ಬೊಲೊನ್ಯದ ಉತ್ಸವದಲ್ಲಿ ತೋರಿಸಿದ್ದು 2025ರಲ್ಲಿ, ಐವತ್ತು ವರ್ಷಗಳ ಮೇಲೆ.

ಆದರೆ ಶೋಲೆ ಹಣವಂತರ ಚಿತ್ರ. ಇಲ್ಲಿ ಹೇಳಬೇಕಾದದ್ದು ಬೇರೆಯದನ್ನು.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಬಂದ ಮೇಲೆ ಕನ್ನಡದಲ್ಲಿ ಕಡಿಮೆ ಖರ್ಚಿನ, ಸ್ಟುಡಿಯೋಗಳ ಹಂಗಿಲ್ಲದ, ಹೆಸರಾಂತ ತಾರೆಯರಿಲ್ಲದ ಚಿತ್ರಗಳ ಒಂದು ಸಾಲೇ ಹೊರಟಿತು. ಸೆನ್ಸಾರ್ ಮಂಡಳಿ ಮೊದಲು ತಡೆದ ಆ ಚಿತ್ರ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರಲ್ಲಿ ಪ್ರಾಣೇಶಾಚಾರ್ಯನಾಗಿದ್ದ ಗಿರೀಶ ಕಾರ್ನಾಡರು ಬಿ.ವಿ. ಕಾರಂತರೊಂದಿಗೆ 'ವಂಶವೃಕ್ಷ' (1971) ನಿರ್ದೇಶಿಸಿದರು. ಬಳಿಕ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಆಧರಿಸಿ 'ಕಾಡು' (1973) ತೆಗೆದರು. 'ಕಾಡು' ಎರಡು ಹಳ್ಳಿಗಳ ಹಗೆಯ ಕಥೆ. ಹುಡುಗನೊಬ್ಬನ ಕಣ್ಣಿಗೆ ಕಂಡ ಹೊಡೆದಾಟ, ರಕ್ತ. ಕಾರ್ನಾಡರ ಮನಸ್ಸು ಯಾವ ಕಡೆ ವಾಲುತ್ತಿತ್ತೆಂಬುದರ ಸೂಚನೆ ಅಲ್ಲಿಯೇ ಇತ್ತು.

1978ರಲ್ಲಿ ಅವರು 'ಒಂದಾನೊಂದು ಕಾಲದಲ್ಲಿ' ತೆಗೆದರು. ನಿರ್ಮಾಪಕರು ಜಿ.ಎನ್. ಲಕ್ಷ್ಮೀಪತಿ. ಚಿತ್ರಕಥೆಯಲ್ಲಿ ಕಾರ್ನಾಡರ ಜೊತೆ ಕೃಷ್ಣ ಬಸ್ರೂರು ಇದ್ದರು. ಛಾಯಾಗ್ರಹಣ ಎ.ಕೆ. ಬೀರ್, ಸಂಗೀತ ಭಾಸ್ಕರ ಚಂದಾವರಕರ. ಕುರೊಸಾವಾನ ಚಿತ್ರಗಳಿಗೆ ಇದು ತಮ್ಮ ಕಾಣಿಕೆ ಎಂಬುದನ್ನು ಕಾರ್ನಾಡರು ಮುಚ್ಚಿಡಲಿಲ್ಲ. ಕಥೆ ನಡೆಯುವುದು ಹೊಯ್ಸಳರ ಕಾಲದಲ್ಲಿ. ಕಪರ್ದಿ, ಮಾರನಾಯಕ ಎಂಬ ದಾಯಾದಿ ಪಾಳೆಯಗಾರರು. ಒಬ್ಬನ ಬಳಿ ಸಂಬಳಕ್ಕೆ ಸೇರುವ ತರುಣ ಗಂಡುಗಲಿ. ಇನ್ನೊಬ್ಬನ ಪಡೆಗೆ ದಳಪತಿಯಾಗಿರುವ, ವಯಸ್ಸು ಮಾಗಿದ ಪೆರ್ಮಾಡಿ. ಎದುರುಬದುರು ನಿಂತ ಈ ಇಬ್ಬರು ಕಸುಬುದಾರ ಯೋಧರು ಒಬ್ಬರನ್ನೊಬ್ಬರು ಅರಿಯುತ್ತ ಹೋಗುತ್ತಾರೆ. ಕೊನೆಗೆ ಇಬ್ಬರೂ ಒಂದಾಗಿ ಒಡೆಯರ ವಿರುದ್ಧವೇ ತಿರುಗುತ್ತಾರೆ. ಪೆರ್ಮಾಡಿಯಾಗಿ ರಂಗಭೂಮಿಯ ಸುಂದರಕೃಷ್ಣ ಅರಸ್. ಗಂಡುಗಲಿಯಾಗಿ, ಹೊನ್ನಾವರದಲ್ಲಿ ಹುಟ್ಟಿ ಮುಂಬಯಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತ ಮರಾಠಿ ನಾಟಕಗಳಲ್ಲಿ ಪಳಗಿದ ಶಂಕರನಾಗ್ ಎಂಬ ಇಪ್ಪತ್ತಮೂರರ ಹುಡುಗ. ಅವನಿಗೆ ಅದು ಮೊದಲ ಚಿತ್ರ.

ಪಿಸ್ತೂಲಿಲ್ಲ, ಟೋಪಿಯಿಲ್ಲ. ಆದರೂ ವಂಶಾವಳಿ ನೋಡಿದರೆ ಇದು ಲಿಯೋನೆಯ ಚಿತ್ರಕ್ಕೆ ಒಡಹುಟ್ಟು. ಒಂದು ಊರು, ಎರಡು ಬಣ, ನಡುವೆ ಬಾಡಿಗೆ ತೋಳು. ಇಟಲಿಯವರು ಕುರೊಸಾವಾನಿಂದ ಪಡೆದು ಬೇರೆ ಹೆಸರಿಟ್ಟರು. ಧಾರವಾಡದಲ್ಲಿ ಬೆಳೆದ ನಾಟಕಕಾರ ಅದೇ ಮನೆಯಿಂದ ಹೇಳಿಯೇ ತಂದರು.

ಚಿತ್ರದ ಬಗ್ಗೆ ಮೊದಲು ಬಂದ ತೀರ್ಪು ಪಂಡಿತರದು. 1979ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರನಾಗ್‌ಗೆ ಶ್ರೇಷ್ಠ ನಟನೆಂಬ ಬೆಳ್ಳಿ ನವಿಲು ದೊರೆಯಿತು. ಕನ್ನಡದ ಉತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಮೊದಲ ಚಿತ್ರದಲ್ಲೇ, ಅದೂ ಕತ್ತಿ ಕಾಳಗದ ಪಾತ್ರಕ್ಕೆ, ಅಂತರರಾಷ್ಟ್ರೀಯ ಪ್ರಶಸ್ತಿ ಬರುವುದು ಸಣ್ಣ ಮಾತಲ್ಲ.

ಆದರೆ ಆ ದಿನಗಳಲ್ಲಿ ಕನ್ನಡದ ಪ್ರೇಕ್ಷಕವರ್ಗ ಎರಡು ಪಂಗಡವಾಗಿ ನಿಂತಿತ್ತು. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ'ಗಳನ್ನು ನೋಡಿ ಬೆಳೆದವರು ಇಂಥ ನಿರ್ದೇಶಕರಿಂದ ಅಗ್ರಹಾರ, ವಿಧವೆಯ ಪಾಡು, ಜಾತಿಯ ಕ್ರೌರ್ಯ ಇವನ್ನು ನಿರೀಕ್ಷಿಸುತ್ತಿದ್ದರು. ಅವರಿಗೆ ಕತ್ತಿ ಗುರಾಣಿಯ ಚಿತ್ರ ಸ್ವಲ್ಪ ಹಗುರವೆನಿಸುವುದು ಸಹಜ. ಹೊಡೆದಾಟದ ಚಿತ್ರಕ್ಕೆಂದೇ ಟಿಕೆಟ್ ಕೊಳ್ಳುತ್ತಿದ್ದವರಿಗೋ, ರಾಜಕುಮಾರರಿಲ್ಲದ, ವಿಷ್ಣುವರ್ಧನರಿಲ್ಲದ, 'ಪ್ರಶಸ್ತಿ ಬಂದ ಪಿಕ್ಚರ್' ಎಂಬ ಹಣೆಪಟ್ಟಿಯೇ ಸಂಶಯಕ್ಕೆ ಕಾರಣ. ಪ್ರಶಸ್ತಿ ಬಂತೆಂದರೆ ನಿಧಾನ, ಕತ್ತಲೆ, ಅರ್ಥವಾಗದ ಕೊನೆ ಎಂಬ ಅನುಭವ ಅವರದು. ಅದನ್ನು ತಪ್ಪೆನ್ನುವಂತಿಲ್ಲ. ಹೀಗೆ ಎರಡೂ ಮನೆಯ ಬಂಟನಾಗಬೇಕಾದ ಚಿತ್ರ, ಅದರ ನಾಯಕನಂತೆಯೇ, ಎರಡೂ ಮನೆಗೆ ಪೂರ್ತಿ ಸೇರದೆ ನಿಂತಿತು.

ಕುರೊಸಾವಾನನ್ನು ಬಲ್ಲವರ ತಕರಾರು ಮೂರನೆಯದು. ಇದು ಎರವಲು, ನಮ್ಮ ಮಣ್ಣಿನದಲ್ಲ ಎಂಬ ಮಾತು. ಈ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಬಾಡಿಗೆ ಯೋಧನ ಕಥೆ ಕನ್ನಡದ ಮಣ್ಣಿನದಲ್ಲವೇ?

ವೀರಗಲ್ಲುಗಳ ಶಾಸನಗಳನ್ನು ಓದಿದ ವಿದ್ವಾಂಸರು, ಮುಖ್ಯವಾಗಿ ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ ಮೊದಲಾದವರು, ಆ ಕಾಲದ ಯೋಧನ ಲೋಕವನ್ನು ತೆರೆದು ತೋರಿಸಿದ್ದಾರೆ. ತುರುಗೋಳು ಎಂದರೆ ದನಗಳ ಸೂರೆ. ಊರಳಿವು ಎಂದರೆ ಊರನ್ನೇ ಹಾಳುಗೆಡಹುವ ದಾಳಿ. ಪೆಣ್ಬುಯ್ಯಲ್ ಎಂದರೆ ಆಪತ್ತಿಗೆ ಸಿಕ್ಕ ಹೆಣ್ಣಿನ ಕೂಗು, ಅದನ್ನು ಕೇಳಿ ಓಡಿದವನ ಹೋರಾಟ. ಸತ್ತವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಕೊಡಗೆ ಎಂಬ ಹೆಸರಿತ್ತು. ಇನ್ನೂ ಮುಖ್ಯವಾದ ಎರಡು ಮಾತುಗಳಿವೆ. ಒಂದು ವೇಳೆವಾಳಿ: ಒಡೆಯನೊಂದಿಗೆ ಸಾಯುತ್ತೇನೆಂಬ ಪ್ರತಿಜ್ಞೆ. ಇನ್ನೊಂದು ಜೋಳವಾಳಿ: ತಿಂದ ಜೋಳದ ಋಣ. ಅನ್ನ ಹಾಕಿದವನಿಗಾಗಿ ತಲೆ ಕೊಟ್ಟು ಆ ಋಣ ತೀರಿಸಬೇಕು. ಪಂಪನ ಭಾರತದಲ್ಲಿ ಈ ಮೌಲ್ಯಕ್ಕೆ ದೊಡ್ಡ ಸ್ಥಾನವಿದೆ. ಪಂಪ ಕೊಂಡಾಡಿದ ಪುಲಿಗೆರೆಯ ಕನ್ನಡದ ಸೀಮೆ, ಇಂದಿನ ಲಕ್ಷ್ಮೇಶ್ವರ, ಯಲವಿಗಿಗೆ ಹೆಚ್ಚು ದೂರವೇನಿಲ್ಲ.

ಹಾನಗಲ್ಲಿನ ಇತಿಹಾಸದಲ್ಲೇ ಇದಕ್ಕೆ ಉದಾಹರಣೆ ಸಿಗುತ್ತದೆ. 1196ರಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಪರವಾಗಿ ಕೋಟೆಯನ್ನು ಕಾದ ದಳಪತಿ ಸೋಹಣಿ. ಹೊಯ್ಸಳರ ಸೈನ್ಯ ಆ ಸಲ ಹಿಂದೆ ಸರಿಯಿತು. ಸೋಹಣಿ ಕಾಳಗದಲ್ಲಿ ಮಡಿದ. ಮುಂದೆ ಹಾನಗಲ್ಲು ಹೊಯ್ಸಳರ ಕೈಸೇರದೆ ಉಳಿಯಲಿಲ್ಲ. ದೊರೆಗಳ ಗಡಿ ಹಿಂದೆ ಮುಂದೆ ಸರಿಯುತ್ತಿದ್ದ ಈ ಸೀಮೆಯಲ್ಲಿ ಯಾರ ಜೋಳ ತಿಂದೆ, ಯಾರಿಗಾಗಿ ಸತ್ತೆ ಎಂಬುದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಈ ಬೆಳಕಿನಲ್ಲಿ ಕಾರ್ನಾಡರ ಚಿತ್ರವನ್ನು ನೋಡಿದರೆ ಅದು ಎರವಲಿನಂತೆ ಕಾಣುವುದಿಲ್ಲ. ಎರವಲು ತಂದದ್ದು ಪಾತ್ರೆಯನ್ನು. ಒಳಗಿನ ಅಂಬಲಿ ಇಲ್ಲಿಯದೇ. ಕುರೊಸಾವಾನ ಬಂಟನಿಗೂ ಲಿಯೋನೆಯ ಬಂಟನಿಗೂ ಯಾವ ಋಣವೂ ಇಲ್ಲ. ಅವರು ಇಬ್ಬರು ಒಡೆಯರಿಗೂ ಮೋಸ ಮಾಡಿ ದಾರಿ ಹಿಡಿಯುವವರು. ಪೆರ್ಮಾಡಿ ಹಾಗಲ್ಲ. ಅವನು ಜೋಳವಾಳಿಯ ಮನುಷ್ಯ. ಜೀವಮಾನವೆಲ್ಲ ದುಡಿದ ಮನೆಯಿಂದಲೇ ಅವಮಾನ ಬಂದಾಗ ಅವನ ಕಾಲಕೆಳಗಿನ ನೆಲ ಕುಸಿಯುತ್ತದೆ. ತಿಂದ ಜೋಳದ ಋಣ ಎಲ್ಲಿಯವರೆಗೆ? ಜೋಳ ಬೆಳೆದವನು ಯಾರು, ಹಾಕಿದವನು ಯಾರು? ವೀರಗಲ್ಲು ಕೇಳದೆ ಬಿಟ್ಟ ಪ್ರಶ್ನೆ ಇದು. ವೀರಗಲ್ಲು ನಿಲ್ಲುವುದು ಋಣ ತೀರಿಸಿದವರಿಗೆ ಮಾತ್ರ. ಲೆಕ್ಕ ಕೇಳಿದವರಿಗೆ ಕಲ್ಲಿಲ್ಲ. ಚಿತ್ರದ ನಿಜವಾದ ಧೈರ್ಯ ಇರುವುದು ಕತ್ತಿವರಸೆಯಲ್ಲಲ್ಲ, ಇಲ್ಲಿ.

ಹಾಗಾದರೆ ಈ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿಯಬಲ್ಲ ಪ್ರೇಕ್ಷಕರಿಗೆ ಚಿತ್ರ ಸುಲಭವಾಗಿ ಮುಟ್ಟುವಂತಿತ್ತೇ? ಇಲ್ಲಿ ಚಿತ್ರ ಹಂಚಿಕೆಯ ಲೆಕ್ಕಾಚಾರ ಅಡ್ಡ ಬರುತ್ತದೆ. ಪ್ರತಿಯೊಂದು ಪ್ರಿಂಟಿಗೂ ಸಾವಿರಾರು ರೂಪಾಯಿ ಖರ್ಚು. ಸಣ್ಣ ನಿರ್ಮಾಪಕ ಕೆಲವೇ ಪ್ರಿಂಟು ತೆಗೆಸುತ್ತಿದ್ದ. ಅವು ಬೆಂಗಳೂರು, ಮೈಸೂರು ಸುತ್ತಿ ಮುಂಬಯಿ ಕರ್ನಾಟಕದ ಚಿತ್ರವ್ಯಾಪಾರದ ಕೇಂದ್ರವಾದ ಹುಬ್ಬಳ್ಳಿಗೆ ಬರಬೇಕು. ಹುಬ್ಬಳ್ಳಿಯಲ್ಲಿ ಓಡಿದರೆ ಮಾತ್ರ ಹಾವೇರಿ, ರಾಣೆಬೆನ್ನೂರು. ಅಲ್ಲಿಂದ ತಾಲ್ಲೂಕಿನ ಊರುಗಳು. ಕೊನೆಗೆ ಟೂರಿಂಗ್ ಟಾಕೀಸಿನ ತಂಬು. ಅಷ್ಟು ಹೊತ್ತಿಗೆ ಪ್ರಿಂಟಿನ ಮೈಯೆಲ್ಲ ಗೀರು ಬಿದ್ದು, ತೆರೆಯ ಮೇಲೆ ಸದಾ ಮಳೆ. ಯಲವಿಗಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗದ ನಿಲ್ದಾಣ. ಹೊಸ ಪಿಕ್ಚರ್ ಹೊಸದಾಗಿರುವಾಗಲೇ ನೋಡಬೇಕೆಂದರೆ ಅಲ್ಲಿನವರು ಪ್ಯಾಸೆಂಜರ್ ಹತ್ತಿ ಗುಡಗೇರಿ, ಸಂಶಿ, ಕುಂದಗೋಳ ದಾಟಿ ಹುಬ್ಬಳ್ಳಿಗೆ ಹೋಗಬೇಕಿತ್ತು. ಅಷ್ಟು ದೂರ ಹೋದವರು ಹೆಸರು ಕೇಳದ ನಟನ ಚಿತ್ರಕ್ಕೆ ಹೋಗುವುದಕ್ಕಿಂತ ರಾಜಕುಮಾರರದೋ ಧರ್ಮೇಂದ್ರನದೋ ಟಾಕೀಸಿನ ಮುಂದೆ ಸಾಲು ನಿಲ್ಲುವುದು ಹೆಚ್ಚು. 1956ಕ್ಕೆ ಮೊದಲು ಮುಂಬಯಿ ರಾಜ್ಯಕ್ಕೆ ಸೇರಿದ್ದ ಈ ಪ್ರದೇಶದಲ್ಲಿ ಹಿಂದಿ ಚಿತ್ರಗಳ ರೂಢಿ ಹಳೆಯದು.

ತಂಬಿನ ಪ್ರೇಕ್ಷಕನನ್ನು ಕಡೆಗಣಿಸುವುದು ಸುಲಭ. ನೆಲದ ಮೇಲೆ ಕೂರುವ, ಮರಳು ಗುಡ್ಡೆ ಮಾಡಿ ಎತ್ತರ ಮಾಡಿಕೊಳ್ಳುವ, ಒಂದೇ ಪ್ರೊಜೆಕ್ಟರಿನಲ್ಲಿ ರೀಲು ಬದಲಿಸುವಾಗ ಶೇಂಗಾ ಸುಲಿಯುವ ಅವನಿಗೆ ಅಭಿಪ್ರಾಯವೆಂಬುದು ಸಿಳ್ಳೆ ಮಾತ್ರ ಎಂದು ಪಟ್ಟಣದವರು ತಿಳಿದಿದ್ದರು. ಮುಂದಿನ ಸಾಲಿಗೆ ಗಾಂಧಿ ಕ್ಲಾಸು ಎಂಬ ಹೆಸರನ್ನೂ ಕೊಟ್ಟರು. ಆದರೆ ಈ ಪ್ರೇಕ್ಷಕ ಬಂದದ್ದು ದೊಡ್ಡಾಟ, ಸಣ್ಣಾಟ, ನಾಟಕ ಕಂಪನಿಗಳ ಅಂಗಳದಿಂದ. ಅಲ್ಲಿ ಅವನ ಮಾತಿಗೆ ಬೆಲೆಯಿತ್ತು. ಬೆಳತನಕ ನಡೆಯುವ ಆಟದಲ್ಲಿ ಪಾತ್ರಧಾರಿ ಮೆಚ್ಚುಗೆಯಾದರೆ ಆಟದ ನಡುವೆಯೇ ಆಹೇರಿ ಬೀಳುತ್ತಿತ್ತು. ಕೊಟ್ಟವನ ಹೆಸರನ್ನು ರಂಗದ ಮೇಲೆ ಕೂಗಿ ಹೇಳುತ್ತಿದ್ದರು. ಕಂಪನಿ ನಾಟ್ಕದಲ್ಲಿ 'ಒನ್ಸ್ ಮೋರ್' ಎಂಬ ಕೂಗು ಎದ್ದರೆ ಈಗ ತಾನೇ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಹಾಡಿ, ಮತ್ತೆ ಸಾಯಬೇಕಿತ್ತು. ಸಿನಿಮಾ ಈ ಅಧಿಕಾರವನ್ನು ಕಸಿದುಕೊಂಡಿತು. ತೆರೆಯ ಮೇಲಿನವನಿಗೆ ಕೂಗು ಕೇಳುವುದಿಲ್ಲ. ಪ್ರೇಕ್ಷಕನಿಗೆ ಉಳಿದದ್ದು ಒಂದೇ: ಮತ್ತೊಂದು ಟಿಕೆಟ್ ಕೊಳ್ಳುವುದು, ಇಲ್ಲವೇ ಕೊಳ್ಳದಿರುವುದು.

ಹಳ್ಳಿಯ ಪ್ರೇಕ್ಷಕನಿಗೆ ಗಂಭೀರ ಚಿತ್ರ ಅರ್ಥವಾಗದೆಂಬ ಮಾತನ್ನು ಪರೀಕ್ಷೆಗೆ ಒಡ್ಡಿದವರು ಕೆ.ವಿ. ಸುಬ್ಬಣ್ಣ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ ರೈತರಿಗೆ, ಕೂಲಿಗಳಿಗೆ ಸತ್ಯಜಿತ್ ರಾಯ್, ಚಾಪ್ಲಿನ್, ಕುರೊಸಾವಾರ ಚಿತ್ರಗಳನ್ನು ತೋರಿಸಿದರು. 1983ರಿಂದ 85ರವರೆಗೆ 'ಜನಸ್ಪಂದನ' ಎಂಬ ಯೋಜನೆಯಲ್ಲಿ ನೀನಾಸಮ್ ಚಿತ್ರಗಳನ್ನು ನಾಡಿನ ಹಲವು ಊರುಗಳಿಗೆ ಒಯ್ದಿತು. ಜನ ಸ್ಪಂದಿಸಿದರು. ಅರ್ಥವಾಗದಿದ್ದುದು ಬಹಳ ಕಡೆ ಚಿತ್ರವಲ್ಲ, ಚಿತ್ರ ಹಳ್ಳಿಗೆ ಬರುವ ದಾರಿ. 1991ರಲ್ಲಿ ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿಯ ಹಿಂದೆ ಈ ಕೆಲಸವೂ ಇತ್ತು. ಟಿ.ವಿ. ಬಂದ ಮೇಲೆ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ತೋರಿಸತೊಡಗಿತು. ಊರಿಗೆ ಒಂದೆರಡೇ ಪೆಟ್ಟಿಗೆಗಳಿದ್ದ ಕಾಲದಲ್ಲಿ ಟಾಕೀಸಿಗೆ ಬಾರದ ಎಷ್ಟೋ ಚಿತ್ರಗಳು ಹಳ್ಳಿಯ ಪಡಸಾಲೆಗೆ ಬಂದದ್ದು ಹಾಗೆ.

'ಒಂದಾನೊಂದು ಕಾಲದಲ್ಲಿ' ಚಿತ್ರದ ಬಗ್ಗೆ ಜನಸಾಮಾನ್ಯರ ಅಭಿಪ್ರಾಯವನ್ನು ಹುಡುಕಬೇಕಾದದ್ದು ಪತ್ರಿಕೆಗಳ ವಿಮರ್ಶೆಯಲ್ಲಲ್ಲ, ಆಮೇಲೆ ನಡೆದ ಘಟನೆಗಳಲ್ಲಿ. ಬೆಳ್ಳಿ ನವಿಲು ಪಡೆದ ನಟ ಕಲಾತ್ಮಕ ಚಿತ್ರಗಳಲ್ಲೇ ಉಳಿಯುತ್ತಾನೆಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. 1979ರಲ್ಲೇ ವಿ. ಸೋಮಶೇಖರ್ ನಿರ್ದೇಶನದ 'ಸೀತಾರಾಮು' ಶಂಕರನಾಗ್‌ನನ್ನು ಮಾರುಕಟ್ಟೆಯ ನಾಯಕನನ್ನಾಗಿ ಮಾಡಿತು. 1980ರಲ್ಲಿ 'ಆಟೋರಾಜ' ಬಂತು. ಆಮೇಲೆ ಅವರು ಜನರ ಬಾಯಲ್ಲಿ 'ಕರಾಟೆ ಕಿಂಗ್'. ಗಾಂಧಿನಗರದ ನಿರ್ಮಾಪಕರು ಆ ಚಿತ್ರದಲ್ಲಿ ಕಂಡದ್ದು ಕುರೊಸಾವಾನನ್ನಲ್ಲ. ಕಾಲು ನೆಲಕ್ಕೆ ಊರಿ ನಿಂತ, ಚುರುಕು ಕಣ್ಣಿನ, ಹೊಡೆದಾಟ ಸುಳ್ಳೆನಿಸದ ಒಬ್ಬ ಹುಡುಗನನ್ನು. ಜನ ಅದನ್ನು ಒಪ್ಪಿದರು. ಚಿತ್ರವನ್ನು ಅರ್ಧ ಮನಸ್ಸಿನಿಂದ ಸ್ವೀಕರಿಸಿದ ನಾಡು ಅದರ ಬಂಟನನ್ನು ಪೂರ್ತಿಯಾಗಿ ತನ್ನವನೆಂದಿತು. ಸುಂದರಕೃಷ್ಣ ಅರಸರಿಗೂ ಹೀಗೆಯೇ ಆಯಿತು. ಅವರ ಗಡಸು ದನಿ ಮುಂದೆ ಎಷ್ಟೋ ಚಿತ್ರಗಳ ಖಳನಾಯಕರ ದನಿಯಾಯಿತು. ಪೆರ್ಮಾಡಿಯ ಘನತೆಯ ಪಾತ್ರಗಳು ಅವರಿಗೆ ಮತ್ತೆ ಹೆಚ್ಚು ಸಿಗಲಿಲ್ಲ ಎನ್ನುವುದು ಬೇಸರದ ಮಾತು.

ಶಂಕರನಾಗ್ ತಾವು ಗಳಿಸಿದ್ದನ್ನು ಮತ್ತೆ ಕಡಿಮೆ ಖರ್ಚಿನ, ಬೇರೆ ಬಗೆಯ ಚಿತ್ರಗಳಿಗೆ ಸುರಿದರು. 'ಮಿಂಚಿನ ಓಟ' (1980), 'ಆಕ್ಸಿಡೆಂಟ್' (1985) ಹಾಗೆ ಹುಟ್ಟಿದವು. ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಅನ್ನೂ ಚಿತ್ರಿಸಿದರು. ಒಂದು ಕೈಯಿಂದ ಫೈಟಿಂಗ್ ಪಿಕ್ಚರಿನ ಜೋಳ ತಿಂದು ಇನ್ನೊಂದು ಕೈಯಿಂದ ತಮಗೆ ಬೇಕಾದ ಕಾಳಗ ಮಾಡಿದವರು ಅವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ.

ಅದೇ ವರ್ಷ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಈ ಸೀಮೆಯವರ ಪಾಲಿಗೆ ಮನೆಯಂಗಳ. ಶರೀಫಜ್ಜನ ತತ್ವಪದ ಬಾರದ ಭಜನೆಯ ಮೇಳ ಇಲ್ಲಿಲ್ಲ. ಆ ಚಿತ್ರದಲ್ಲಿ ಗೋವಿಂದ ಭಟ್ಟರ ಪಾತ್ರ ಗಿರೀಶ ಕಾರ್ನಾಡರದು. ಗಂಡುಗಲಿಯ ನಿರ್ದೇಶಕರನ್ನು ಯಲವಿಗಿ, ಗುಡಗೇರಿ, ಸವಣೂರಿನ ಅನೇಕರು ಗುರುತಿಟ್ಟುಕೊಂಡದ್ದು ಹೀಗೆ, ಶರೀಫನ ಗುರುವಾಗಿ.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿದ್ದ ಸಿಂಫನಿ ಟಾಕೀಸಿಗೆ ಮುಂದೆ ಶಂಕರನಾಗ್ ಚಿತ್ರಮಂದಿರ ಎಂದು ಹೆಸರಿಟ್ಟರು. ಊರೂರಿನ ಆಟೋ ನಿಲ್ದಾಣಗಳಿಗೂ ಅದೇ ಹೆಸರು ಬಂತು. ಆಟೋಗಳ ಹಿಂಬದಿಯ ಮೇಲೆ ಅವರ ಚಿತ್ರ ಇಂದಿಗೂ ಕಾಣುತ್ತದೆ. ಬಹುಮಟ್ಟಿಗೆ ಅದು ಖಾಕಿ ಅಂಗಿಯ ಆಟೋರಾಜನ ಚಿತ್ರ. ಕತ್ತಿ ಹಿಡಿದ ಗಂಡುಗಲಿ ಅಲ್ಲಿ ಅಪರೂಪ.